ಡಸ್ಕ್‌ವಾಲ್‌ನ ಕತ್ತಲೆ ಇಷ್ಟು ಬೇಗ ಏಕೆ ಹಳಸುತ್ತದೆ?

ಸಂಜೆಪಾಳಿ

ನಮ್ಮದು ಮೈಸೂರಿನ ಸಣ್ಣ ಗುಂಪು. ನಾಲ್ವರು ಆಟಗಾರರು, ಕಥೆ ನಡೆಸುವ ಗೇಮ್ ಮಾಸ್ಟರ್ ನಾನು. ದೀಪಾವಳಿ ಮುಗಿದ ಮೇಲೆ ‘ಬ್ಲೇಡ್ಸ್ ಇನ್ ದ ಡಾರ್ಕ್’ ಎಂಬ, ಕಳ್ಳರ ಗುಂಪಿನ ಪಾತ್ರ ವಹಿಸಿ ಮಾತು, ದಾಳಗಳಲ್ಲಿ ಆಡುವ ಮೇಜಿನಾಟ ಹಿಡಿದಿದ್ದೇವೆ. ಮೊದಲ ದಿನ ಅದರ ಕಥೆ ನಡೆಯುವ ಡಸ್ಕ್‌ವಾಲ್ ನಗರದ ವಿವರ ಕೇಳಿ ಎಲ್ಲರೂ ಬಾಯಿ ತೆರೆದು ಕುಳಿತಿದ್ದರು. ಸೂರ್ಯ ಒಡೆದುಹೋಗಿ ಎಂಟು ಶತಮಾನ ಕಳೆದಿದೆ. ಊರಿನ ಸುತ್ತ ಮಿಂಚು ಹಾಯಿಸುವ ಗೋಪುರಗಳ ಬೇಲಿ, ಅದರಾಚೆ ಪ್ರೇತಗಳು ಅಲೆಯುವ ಸತ್ತ ನೆಲ. ಕರಿಗಡಲಿನ ದೈತ್ಯಜೀವಿಗಳ ರಕ್ತವನ್ನು ಭಟ್ಟಿ ಇಳಿಸಿ ಅದರಿಂದ ಬೀದಿದೀಪ ಉರಿಸುತ್ತಾರೆ. ಇಷ್ಟೆಲ್ಲ ಇದ್ದೂ ಈಗ ಆಟ ಹೇಗಾಗಿದೆ ಎಂದರೆ, ಕಳ್ಳತನದ ಯೋಜನೆ, ದಾಳ, ಹಣ ಎಣಿಕೆ, ಮತ್ತೆ ಮುಂದಿನ ಕಳ್ಳತನ. ಪ್ರೇತ ಎದುರಿಗೆ ಬಂದು ನಿಂತರೂ ‘ವಿಸ್ಪರ್ (ಪ್ರೇತಗಳೊಂದಿಗೆ ವ್ಯವಹರಿಸುವ ಪಾತ್ರ) ನೋಡಿಕೊಳ್ಳಲಿ’ ಎನ್ನುತ್ತಾರೆ. ನಾನು ಮಳೆ, ಮಂಜು, ಹೊಗೆ ಎಂದು ಶುರುಮಾಡಿದರೆ ಒಬ್ಬರು ಮೊಬೈಲ್ ಕೈಗೆತ್ತಿಕೊಳ್ಳುತ್ತಾರೆ.

ಆಟಗಾರರ ಮೇಲೆ ನನಗೆ ದೂರಿಲ್ಲ. ಕಳ್ಳತನವನ್ನು ಚೆನ್ನಾಗಿಯೇ ಆಡುತ್ತಾರೆ. ಆದರೆ ಇದೇ ಆಟವನ್ನು ಬಿಸಿಲಿರುವ ಯಾವ ಊರಿನಲ್ಲಾದರೂ ಆಡಬಹುದಿತ್ತಲ್ಲ ಎನ್ನಿಸುತ್ತಿದೆ. ಇಂಥ ನಗರಗಳನ್ನು ಆಡಿಸಿದವರು ದಯವಿಟ್ಟು ಹೇಳಿ.

ಕೊನೆಯಬೆಂಚು

ಮೊದಲು ಮಳೆಯನ್ನು ನಿಲ್ಲಿಸಿ. ಉಳಿದದ್ದನ್ನು ಆಮೇಲೆ ನೋಡೋಣ.

ಕರಿಕಾಗೆ

ಕೊನೆಯಬೆಂಚು ಅವರು ತಮಾಷೆಗೆ ಹೇಳಿದ್ದರೂ ಮಾತು ಸರಿಯಾಗಿದೆ. ವರ್ಣನೆಯ ಕತ್ತಲೆಗೆ ಆಯುಸ್ಸು ಕಡಿಮೆ. ನಿಯಮದೊಳಗಿನ ಕತ್ತಲೆ ಬಾಳಿಕೆ ಬರುತ್ತದೆ. ಜಾನ್ ಹಾರ್ಪರ್ 2017ರಲ್ಲಿ ಹೊರತಂದ ಆ ಪುಸ್ತಕದ ನಗರದ ಅಧ್ಯಾಯವನ್ನು ಎಲ್ಲರೂ ಓದುತ್ತಾರೆ, ಕಳ್ಳತನ ಮುಗಿದ ನಂತರದ ಅಧ್ಯಾಯವನ್ನು ಲೆಕ್ಕದ ಪಟ್ಟಿ ಎಂದು ದಾಟಿಬಿಡುತ್ತಾರೆ. ನಗರ ಬಾಯಿ ತೆರೆಯುವುದು ಆ ಪಟ್ಟಿಯಲ್ಲಿಯೇ.

ಸಾವನ್ನೇ ತೆಗೆದುಕೊಳ್ಳಿ. ನಿಮ್ಮ ಗುಂಪು ಕಾಲುವೆಯ ಪಕ್ಕದ ಗೋದಾಮಿನಲ್ಲಿ ಕಾವಲುಗಾರನೊಬ್ಬನನ್ನು ಕೊಂದಿತು ಎಂದಿಟ್ಟುಕೊಳ್ಳಿ. ಬೇರೆ ಆಟಗಳಲ್ಲಾದರೆ ಹೆಣವನ್ನು ಮೂಲೆಗೆ ಎಳೆದು ಬಾಗಿಲ ಬೀಗದ ಕಡೆ ತಿರುಗುತ್ತಾರೆ. ಡಸ್ಕ್‌ವಾಲ್‌ನಲ್ಲಿ ಹಾಗಾಗುವುದಿಲ್ಲ. ಉಸಿರು ನಿಂತ ಕ್ಷಣಕ್ಕೇ ದೂರದ ಚಿತಾಗಾರದ ಗಂಟೆ ತಾನಾಗಿ ಬಾರಿಸುತ್ತದೆ. ಅಲ್ಲಿನ ಗೂಡಿನಿಂದ ಹೆಣ ಹುಡುಕುವ ಕಾಗೆಯೊಂದು ಮೇಲೇಳುತ್ತದೆ. ಅದರ ಹಿಂದೆ ಕಂಚಿನ ಮುಖವಾಡ ತೊಟ್ಟ ಸ್ಪಿರಿಟ್ ವಾರ್ಡನ್‌ಗಳು ಹೊರಡುತ್ತಾರೆ. ಹೆಣವನ್ನು ಸಕಾಲದಲ್ಲಿ ಕರಗಿಸದಿದ್ದರೆ ಅದರಿಂದ ಪ್ರೇತ ಏಳುತ್ತದೆ, ಹಾಗಾಗಿ ಅವರು ತಡಮಾಡುವುದಿಲ್ಲ.

ಈಗ ಮೇಜಿನ ಮೇಲೆ ಏನಾಯಿತು ನೋಡಿ. ನೀವು ಹೊಗೆಯ ಬಗ್ಗೆ ಒಂದು ಸಾಲೂ ಹೇಳಿಲ್ಲ. ‘ಗಂಟೆ ಬಾರಿಸಿತು’ ಎಂದಷ್ಟೇ ಹೇಳಿ ಆರು ಭಾಗದ ಒಂದು ಕ್ಲಾಕ್, ಅಂದರೆ ಅಪಾಯ ಹತ್ತಿರವಾದಂತೆ ತುಂಬಿಸುತ್ತ ಹೋಗುವ ವೃತ್ತ, ಬರೆದು ಮಧ್ಯದಲ್ಲಿಟ್ಟಿರಿ, ಹೆಸರು ‘ಕಾಗೆ’. ಕದ್ದು ನುಸುಳುವ ಪಾತ್ರವಾದ ಲರ್ಕ್ ಬೀಗ ತೆಗೆಯಲು ದಾಳ ಹಾಕಿ ನಾಲ್ಕೋ ಐದೋ ಬಿದ್ದರೆ ಬೀಗ ತೆರೆಯುತ್ತದೆ, ಕ್ಲಾಕಿನಲ್ಲಿ ಎರಡು ಭಾಗವೂ ತುಂಬುತ್ತದೆ. ಸೂರಿನ ಮೇಲೆ ರೆಕ್ಕೆ ಬಡಿದ ಸದ್ದು. ಆಗ ಯಾರೂ ಮೊಬೈಲ್ ಮುಟ್ಟುವುದಿಲ್ಲ, ಬರೆದುಕೊಡುತ್ತೇನೆ.

ಇನ್ನು ಹೀಟ್, ಅಂದರೆ ಪೊಲೀಸರ ಕಣ್ಣು ನಿಮ್ಮ ಮೇಲೆ ಎಷ್ಟು ಬಿದ್ದಿದೆ ಎಂಬ ಲೆಕ್ಕ. ಕೆಲಸ ಸದ್ದಿಲ್ಲದೆ ಮುಗಿದರೆ ಸೊನ್ನೆ, ಗದ್ದಲವಾದರೆ ನಾಲ್ಕು, ಊರೆಲ್ಲ ಎದ್ದು ಕುಳಿತರೆ ಆರು. ಸಾವು ಸಂಭವಿಸಿದ್ದರೆ ಅದರ ಮೇಲೆ ಎರಡು. ಒಂಬತ್ತು ತುಂಬಿದರೆ ‘ವಾಂಟೆಡ್’ ಮಟ್ಟ ಒಂದು ಮೆಟ್ಟಿಲು ಏರುತ್ತದೆ. ಅದನ್ನು ಇಳಿಸಲು ಯಾರಾದರೂ ಐರನ್‌ಹುಕ್ ಜೈಲಿಗೆ ಹೋಗಬೇಕು. ಆ ಯಾರಾದರೂ ಎಂಬುದು ನಿಮ್ಮ ಗುಂಪಿನವರಾಗಬಹುದು, ಪರಿಚಯಸ್ಥರಾಗಬಹುದು, ಸುಳ್ಳು ಆರೋಪ ಹೊರಿಸಿದ ವೈರಿಯೂ ಆಗಬಹುದು. ನಿಮ್ಮವರು ಈವರೆಗೆ ಯಾರನ್ನು ಕಳುಹಿಸಿದ್ದಾರೆ?

ಸಂಜೆಪಾಳಿ

ಇನ್ನೂ ಯಾರನ್ನೂ ಕಳುಹಿಸಿಲ್ಲ. ವಾಂಟೆಡ್ ಮಟ್ಟ ಎರಡಕ್ಕೆ ಬಂದಿದೆ. ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಂಡಿಲ್ಲ. ಹಾಳೆಯ ಮೂಲೆಯಲ್ಲಿ ಒಂದು ಸಂಖ್ಯೆ, ಅಷ್ಟೆ.

ಕರಿಕಾಗೆ

ಹಾಗಾದರೆ ನಿಮ್ಮ ಅತ್ಯಂತ ಕರಾಳ ದೃಶ್ಯ ಆಗಲೇ ಸಿದ್ಧವಾಗಿ ಕುಳಿತಿದೆ. ‘ನಮ್ಮ ಪೈಕಿ ಯಾರು ಹೋಗುವುದು?’ ಎಂಬ ಪ್ರಶ್ನೆ ಮೇಜಿನ ಮೇಲೆ ಬಿದ್ದು, ಎಲ್ಲರ ಕಣ್ಣೂ ನಿಧಾನಕ್ಕೆ ಆ ಪಾಪದ ದೋಣಿಯವನ ಹೆಸರಿನ ಮೇಲೆ ಹೋಗಿ ನಿಲ್ಲುವ ದೃಶ್ಯ. ಪ್ರತಿ ಗುಂಪಿನಲ್ಲೂ ಅಂಥ ಒಬ್ಬ ದೋಣಿಯವನಿರುತ್ತಾನೆ.

ಲೆಕ್ಕಪತ್ರ

ನಾನು ಆಡಿಸುವುದು ‘ಸೈಬರ್‌ಪಂಕ್ ರೆಡ್’. ನಗರ ನೈಟ್ ಸಿಟಿ, ವರ್ಷ 2045. ಮೈಕ್ ಪಾಂಡ್‌ಸ್ಮಿತ್ 1988ರಲ್ಲಿ ಶುರುಮಾಡಿದ ಸರಣಿಯ ಈಚಿನ ರೂಪ ಇದು. ನೈಟ್ ಸಿಟಿ ಎಂದರೆ ಜನರ ಕಣ್ಣಿಗೆ ನಿಯಾನ್ ದೀಪ, ಲೋಹದ ಕೈ, 2023ರ ಅಣುಸ್ಫೋಟದಲ್ಲಿ ಉರುಳಿದ ಅರಸಾಕ ಕಂಪನಿಯ ಗೋಪುರ ಕಟ್ಟುತ್ತವೆ. ನನ್ನನ್ನು ಕೇಳಿದರೆ ಆ ಪುಸ್ತಕದ ಅತಿ ಭಯಾನಕ ಭಾಗ ಬಾಡಿಗೆಯ ಕೋಷ್ಟಕ.

ಲೆಕ್ಕ ಹೇಳುತ್ತೇನೆ. ಸರಕು ಸಾಗಿಸುವ ಹಳೆಯ ಕಂಟೇನರ್ ಒಂದರಲ್ಲಿ ವಾಸಿಸಲು ತಿಂಗಳಿಗೆ 1000 ಎಡ್ಡಿ (ಆ ಲೋಕದ ಹಣ). ಅಗ್ಗದ ಬದುಕು ಎಂದರೆ ‘ಕಿಬಲ್’, ಸಾಕುಪ್ರಾಣಿಗಳಿಗೆ ಹಾಕುವಂಥ ಒಣ ಆಹಾರ, ಅದಕ್ಕೆ ತಿಂಗಳಿಗೆ 100. ತಾಜಾ ಆಹಾರ ತಿನ್ನುತ್ತೇನೆ ಎಂದರೆ 1500. ಹೌದು, ಸೊಪ್ಪು ತರಕಾರಿ ಮನೆಬಾಡಿಗೆಗಿಂತ ದುಬಾರಿ. ಗುಂಡೇಟು ಬಿದ್ದಾಗ ಆಂಬುಲೆನ್ಸ್ ಹಾರಿಬರಬೇಕಾದರೆ ಟ್ರಾಮಾ ಟೀಮ್‌ನ ಕೆಳದರ್ಜೆಯ ಚಂದಾ ತಿಂಗಳಿಗೆ 500. ಇನ್ನು ಸಂಪಾದನೆ: ಸುಲಭದ ಕೆಲಸಕ್ಕೆ ತಲೆಗೆ 500, ಸಾಧಾರಣ ಕೆಲಸಕ್ಕೆ 1000, ಜೀವಕ್ಕೆ ಅಪಾಯವಿದ್ದರೆ 2000.

ಕೂಡಿಸಿ ನೋಡಿ. ಒಂದು ಸಾಧಾರಣ ಕೆಲಸ ಮುಗಿಸಿ ಬಂದವನು ಕಂಟೇನರ್ ಬಾಡಿಗೆ ಕಟ್ಟಿದರೆ ಕಿಬಲ್‌ಗೂ ಕಾಸು ಉಳಿಯುವುದಿಲ್ಲ. ನಗರ ಕ್ರೂರವಾದದ್ದು ಎಂದು ನಾನು ಭಾಷಣ ಮಾಡಬೇಕಿಲ್ಲ. ಆಟದ ಕ್ಯಾಲೆಂಡರಿನಲ್ಲಿ ತಿಂಗಳ ಮೊದಲ ದಿನ ಬಂದಾಗ ‘ಬಾಡಿಗೆ’ ಎನ್ನುತ್ತೇನೆ. ಒಬ್ಬಳು ಆಟಗಾರ್ತಿ, ಬಡವರ ಔಷಧಿ ಲಾರಿಯನ್ನು ಲೂಟಿ ಮಾಡುವ ಕೆಲಸವನ್ನು ಮೊದಲ ವಾರ ಕೋಪದಿಂದ ತಿರಸ್ಕರಿಸಿದ್ದಳು. ತಿಂಗಳ ಕೊನೆಯಲ್ಲಿ ತಾನಾಗಿಯೇ ಕೆಲಸ ಹೊಂದಿಸಿಕೊಡುವ ಫಿಕ್ಸರ್‌ಗೆ ಕರೆಮಾಡಿ ‘ಆ ಲಾರಿ ಇನ್ನೂ ಇದೆಯೇ?’ ಎಂದು ಕೇಳಿದಳು. ನಾನು ಏನನ್ನೂ ಒತ್ತಾಯಿಸಿರಲಿಲ್ಲ.

ಅಡ್ಡಮಾತು

ಎಲ್ಲರೂ ತಲೆಯಾಡಿಸುತ್ತಿದ್ದೀರಿ, ಹಾಗಾಗಿ ನಾನು ಅಡ್ಡ ಬರುತ್ತೇನೆ. ವಾರವಿಡೀ ಕಚೇರಿಯಲ್ಲಿ ಕತ್ತೆ ದುಡಿಮೆ, ನಿಜವಾದ ಬಾಡಿಗೆ, ನಿಜವಾದ ಇಎಂಐ. ಶನಿವಾರ ಸಂಜೆ ಸ್ನೇಹಿತರ ಮನೆಗೆ ಬಂದು ಕಿಬಲ್ ಲೆಕ್ಕ ಬರೆಯಬೇಕೆ? ಸಂಜೆಪಾಳಿ ಅವರ ಆಟಗಾರರು ಖುಷಿಯಾಗಿ ಕಳ್ಳತನ ಮಾಡುತ್ತಿದ್ದಾರೆ. ಅದನ್ನು ಕಾಯಿಲೆ ಎಂದು ಭಾವಿಸಿ ಔಷಧಿ ಅರೆಯುತ್ತಿರುವವರು ನೀವು.

ಕರಾಳ ನಗರ ಎಂದರೆ ಸೂತಕದ ಮುಖ ಹೊತ್ತೇ ಆಡಬೇಕು ಎಂಬ ಶಾಸ್ತ್ರ ಎಲ್ಲಿದೆ? 1984ರಲ್ಲೇ ‘ಪ್ಯಾರನೋಯಿಯಾ’ ಬಂತು. ಆಲ್ಫಾ ಕಾಂಪ್ಲೆಕ್ಸ್ ಎಂಬ ಮುಚ್ಚಿದ ನಗರ, ಆಳುವುದು ಹುಚ್ಚು ಹಿಡಿದ ಕಂಪ್ಯೂಟರ್. ಪ್ರಜೆಗಳಿಗೆ ಬಣ್ಣದ ದರ್ಜೆ, ಕೆಳಗೆ ಇನ್‌ಫ್ರಾರೆಡ್, ಮೇಲೆ ಅಲ್ಟ್ರಾವಯಲೆಟ್. ನಿಮ್ಮ ದರ್ಜೆಗಿಂತ ಮೇಲಿನ ಬಣ್ಣದ ಓಣಿಗೆ ಕಾಲಿಟ್ಟರೆ ರಾಜದ್ರೋಹ. ಗುಪ್ತಸಂಘದ ಸದಸ್ಯನಾಗಿದ್ದರೆ ಮರಣದಂಡನೆ, ರೂಪಾಂತರಿ ಶಕ್ತಿಯಿದ್ದರೂ ಮರಣದಂಡನೆ. ಪ್ರತಿ ಪಾತ್ರಕ್ಕೂ ಇವೆರಡೂ ಇರುತ್ತವೆ! ಅದಕ್ಕೇ ಒಬ್ಬೊಬ್ಬರಿಗೂ ಬದಲಿ ಪ್ರತಿಗಳ ಸಾಲು, ಒಬ್ಬ ಸತ್ತರೆ ಇನ್ನೊಬ್ಬ ಹಾಜರ್. ನಿಯಮ ಗೊತ್ತಿದೆ ಎಂದು ಆಟಗಾರ ಬಾಯಿಬಿಟ್ಟರೂ ದ್ರೋಹವೇ.

ಕೆಂಪು ದರ್ಜೆಯವರಿಗೆ ಕಿತ್ತಳೆ ಓಣಿಯ ಬಲ್ಬ್ ಬದಲಿಸುವ ಕೆಲಸ ಕೊಡಿ. ಓಣಿಗೆ ಹೋದರೆ ದ್ರೋಹ, ಹೋಗದಿದ್ದರೆ ಆಜ್ಞೆಯ ಉಲ್ಲಂಘನೆ. ನಮ್ಮ ಮನೆಯಲ್ಲಿ ಈ ಬಲ್ಬ್ ಇಡೀ ಸಂಜೆ ನಡೆಯಿತು. ಪಕ್ಕದ ಮನೆಯವರು ಬಂದು ‘ಏನ್ರೀ ಅಷ್ಟು ನಗು?’ ಎಂದು ಕೇಳಿಹೋದರು. ಸರ್ವಾಧಿಕಾರದ ಬಗ್ಗೆ ಇದಕ್ಕಿಂತ ಖಚಿತವಾದ ಚಿತ್ರವನ್ನು ನಿಮ್ಮ ಯಾವ ಮಂಜಿನ ಊರೂ ಕೊಟ್ಟಿಲ್ಲ.

ಲೆಕ್ಕಪತ್ರ

ನಿಮ್ಮ ಉದಾಹರಣೆ ನನ್ನ ಮಾತಿಗೇ ಸಾಕ್ಷಿಯಾಯಿತಲ್ಲ. ಬಲ್ಬಿನ ತಮಾಷೆ ಹುಟ್ಟಿದ್ದು ವರ್ಣನೆಯಿಂದಲ್ಲ, ನಿಯಮದಿಂದ. ಅತ್ತರೂ ನಕ್ಕರೂ ನಗರದ ಕೈ ಆಟಗಾರರ ಹಾಳೆಯ ಮೇಲೆ ಇರಬೇಕು ಎಂಬುದಷ್ಟೇ ನಮ್ಮ ವಾದ.

ಅಡ್ಡಮಾತು

ಒಪ್ಪಿದೆ, ಅರ್ಧ. ಇಎಂಐ ವಿಷಯದಲ್ಲಿ ಇಲ್ಲ.

ಕೋಲಾರದವ

ಬಹಳ ದಿನ ಸುಮ್ಮನೆ ಓದುತ್ತಿದ್ದೆ. ಈ ಎಳೆಯಲ್ಲಿ ಬೆಳಕಿನ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ.

ಡಸ್ಕ್‌ವಾಲ್‌ನ ಆರಂಭದ ಕಥೆಯಲ್ಲಿ ಕ್ರೋಸ್ ಫುಟ್ ಎಂಬ ಬಡಾವಣೆಗಾಗಿ ಮೂರು ಗುಂಪುಗಳು ಕಿತ್ತಾಡುತ್ತವೆ: ಲ್ಯಾಂಪ್‌ಬ್ಲಾಕ್ಸ್, ರೆಡ್ ಸ್ಯಾಶಸ್, ಕ್ರೋಸ್. ಹೆಚ್ಚಿನ ಮೇಜುಗಳಲ್ಲಿ ಲ್ಯಾಂಪ್‌ಬ್ಲಾಕ್ಸ್ ಎಂದರೆ ಮುಗಿಯಿತು, ರೌಡಿಗಳು. ಆದರೆ ಪುಸ್ತಕದಲ್ಲಿ ಅವರ ಪೂರ್ವಕಥೆ ಒಂದೇ ಸಾಲಿನಲ್ಲಿದೆ. ಅವರು ಬೀದಿದೀಪ ಹಚ್ಚುವವರ ಸಂಘದವರು. ವಿದ್ಯುತ್ ದೀಪ ಬಂತು, ಸಂಘದ ಕೆಲಸ ಹೋಯಿತು, ಅವರು ಅಪರಾಧಕ್ಕಿಳಿದರು. ಆ ಒಂದು ಸಾಲಿನಲ್ಲಿ ಇಡೀ ನಗರವಿದೆ. ಅವರ ನಾಯಕ ಬಾಜೋ ಬಾಜ್ ನಿಮ್ಮವರನ್ನು ಕರೆದು ‘ನಮ್ಮ ಕಡೆಯೋ ಅವರ ಕಡೆಯೋ?’ ಎಂದು ಕೇಳುವಾಗ ಅವನ ಹಿಂದಿನ ಗೋಡೆಗೆ ದೀಪ ಹಚ್ಚುವ ಉದ್ದ ಕೋಲು ಒರಗಿರಲಿ, ಅದರ ತುದಿಯ ಬತ್ತಿ ಒಣಗಿ ಕರಕಲಾಗಿರಲಿ. ಆಟಗಾರರು ಕೇಳಿದರೆ ಹೇಳಿ, ಕೇಳದಿದ್ದರೆ ಬಿಡಿ.

ನಮ್ಮ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ ಎಂದು ನನ್ನ ಅನಿಸಿಕೆ. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಮೊದಲು ಹರಿದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಚಿನ್ನ ತೆಗೆಯುವ ಯಂತ್ರಕ್ಕೆ ಮೊದಲ ಸರದಿ, ಊರಿನ ಜನಕ್ಕೆ ಆಮೇಲೆ. ದಾರಿಯುದ್ದಕ್ಕೂ ತಂತಿ ತಲೆಯ ಮೇಲೆ ಹಾದುಹೋದ ಹಳ್ಳಿಗಳು ಅದೆಷ್ಟು ಕಾಲ ಸೀಮೆಎಣ್ಣೆ ಬುಡ್ಡಿಯಲ್ಲೇ ಇದ್ದವು ಎಂಬುದನ್ನು ನಮ್ಮ ಅಜ್ಜಿಯ ಕಾಲದವರನ್ನು ಕೇಳಬೇಕು. ನಾನು ಡಸ್ಕ್‌ವಾಲ್‌ಗೆ ಕೋಲಾರದ ವೇಷ ಹಾಕಿ ಎನ್ನುತ್ತಿಲ್ಲ. ಯಾವ ನಗರವನ್ನು ಆಡಿಸಿದರೂ ‘ಇಲ್ಲಿ ಬೆಳಕು ಮೊದಲು ಯಾರಿಗೆ ತಲುಪಿತು, ಅದರಿಂದ ಯಾರ ಕೆಲಸ ಹೋಯಿತು’ ಎಂದು ಕೇಳಿಕೊಳ್ಳಿ ಎನ್ನುತ್ತಿದ್ದೇನೆ.

ಸಂಜೆಪಾಳಿ

ಕೋಲಾರದವರೇ, ಆ ಕೋಲನ್ನು ನಾನು ಕದ್ದೆ.

ಒಂದು ಅನುಮಾನ. ನನ್ನ ಆಟಗಾರರಲ್ಲೊಬ್ಬರು ‘ಹೇಗಿದ್ದರೂ ಇದು ಕತ್ತಲೆಯ ಊರು, ಪೂರ್ತಿ ಬೆಂಗಳೂರನ್ನೇ ಹಾಕಿ ಆಡೋಣ, ಕೆ.ಆರ್. ಮಾರುಕಟ್ಟೆ, ಮೆಜೆಸ್ಟಿಕ್ ಎಲ್ಲ ಇರಲಿ’ ಎನ್ನುತ್ತಿದ್ದಾರೆ. ಮಾಡಬಹುದೇ?

ಕರಿಕಾಗೆ

ಬೇಡ. ಬೆಂಗಳೂರನ್ನು ಆಡಿಸಬೇಕಾದರೆ ಬೆಂಗಳೂರಿಗೆಂದೇ ಬೇರೆ ಆಟ ಕಟ್ಟಿ, ನಾನೇ ಬಂದು ಆಡುತ್ತೇನೆ. ಡಸ್ಕ್‌ವಾಲ್‌ನ ಹನ್ನೆರಡು ಬಡಾವಣೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿವೆ. ಸೂರ್ಯನಿಲ್ಲದ್ದರಿಂದ ಬ್ಯಾರೋಕ್ಲೆಫ್ಟ್‌ನ ಹೊಲಗಳಿಗೆ ಕೃತಕ ತೇಜಸ್ಸು ಬೇಕು. ಬಡವರಿಗೆ ಹಾವುಮೀನು, ಅಣಬೆಯೇ ಗತಿ. ಬೇಲಿಗೂ ದೀಪಕ್ಕೂ ದೈತ್ಯಜೀವಿಗಳ ರಕ್ತ ಬೇಕು, ಹಾಗಾಗಿ ಹಡಗುಗಳ ಒಡೆತನವಿರುವ ಮನೆತನಗಳ ಕೈಯಲ್ಲಿ ಊರಿನ ಜುಟ್ಟು. ಬೇಲಿ ದಾಟಿ ಯಾರೂ ಓಡಿಹೋಗುವಂತಿಲ್ಲ, ಹಾಗಾಗಿ ಮಾಡಿದ ಪಾಪವೆಲ್ಲ ಅದೇ ಬೀದಿಯಲ್ಲಿ ಎದುರಾಗುತ್ತದೆ. ಒಂದನ್ನು ಕಿತ್ತರೆ ಉಳಿದವು ಸಡಿಲವಾಗುತ್ತವೆ. ಮೆಜೆಸ್ಟಿಕ್‌ನಿಂದ ರಾತ್ರಿ ಬಸ್ ಹತ್ತಿ ಊರಿಗೆ ಹೋಗಿಬಿಡಬಹುದು. ಡಸ್ಕ್‌ವಾಲ್‌ನಿಂದ ಸಾಧ್ಯವಿಲ್ಲ.

ಡಬ್ಲಿನ್‌ಮಳೆ

ತಡವಾಗಿ ಬಂದಿದ್ದೇನೆ, ಕ್ಷಮಿಸಿ. ಇಲ್ಲಿ ನಮ್ಮ ಗುಂಪಿನಲ್ಲಿ ಇಬ್ಬರು ಕನ್ನಡಿಗರು, ಉಳಿದವರು ಐರಿಷ್ ಮತ್ತು ಪೋಲಿಷ್. ಆಡುತ್ತಿರುವುದು ‘ಸ್ಪೈರ್’, ಗ್ರಾಂಟ್ ಹೋವಿಟ್ ಮತ್ತು ಕ್ರಿಸ್ಟೋಫರ್ ಟೇಲರ್ ಬರೆದ 2018ರ ಆಟ. ಒಂದು ಮೈಲಿ ಎತ್ತರದ ನಗರ. ಮೇಲ್ಮಹಡಿಗಳಲ್ಲಿ ಆಳುವ ಎಲ್ಫ್‌ಗಳು, ಕೆಳಗೆ ತಮ್ಮದೇ ಊರಿನಲ್ಲಿ ಪರಾಧೀನರಾದ ಡ್ರೌ, ಅಂದರೆ ಕಪ್ಪು ಎಲ್ಫ್ ಜನ. ವಯಸ್ಸಿಗೆ ಬಂದ ಪ್ರತಿ ಡ್ರೌ ನಾಲ್ಕು ವರ್ಷ ಒಡೆಯರ ಬಿಟ್ಟಿ ಚಾಕರಿ ಮಾಡಬೇಕು. ನಿಮ್ಮ ಪಾತ್ರಗಳು ಗುಪ್ತ ಬಂಡಾಯದವರು.

ಇಲ್ಲಿಯವರೆಗೆ ಬಾಡಿಗೆ, ಪೊಲೀಸು, ಕಾಗೆ ಎಲ್ಲ ಬಂತು. ನೆರೆಹೊರೆ ಬರಲಿಲ್ಲ. ಸ್ಪೈರ್‌ನಲ್ಲಿ ಪೆಟ್ಟು ಮೈಗಷ್ಟೇ ಬೀಳುವುದಿಲ್ಲ. ರಕ್ತ, ಮನಸ್ಸು, ಹಣ, ಗುಟ್ಟು, ಹೆಸರು, ಹೀಗೆ ಐದು ಕಡೆ ಒತ್ತಡ ಗುರುತಿಸುತ್ತೀರಿ. ಒತ್ತಡ ಹೆಚ್ಚಿದಷ್ಟೂ ಅದು ಯಾವಾಗ ಸಿಡಿಯುವುದೋ ಎಂಬ ಭಯ. ಸಿಡಿದಾಗ ಅನೇಕ ಸಲ ಅನುಭವಿಸುವವರು ನೀವಲ್ಲ. ನಮ್ಮ ಪಾತ್ರಗಳಿಗೆ ಆಶ್ರಯ ಕೊಟ್ಟಿದ್ದ ರೊಟ್ಟಿ ಅಂಗಡಿಯ ಹೆಂಗಸಿನ ಬಾಗಿಲಿಗೆ ಒಂದು ಬೆಳಿಗ್ಗೆ ಮೊಹರು ಬಿತ್ತು. ಕಾರಣ, ಹಿಂದಿನ ರಾತ್ರಿ ನಾವು ಬೇರೆಲ್ಲೋ ಹೇಳಿದ ಒಂದು ಸುಳ್ಳು. ಅವಳ ಹಿಟ್ಟಿನ ತೊಟ್ಟಿಯಲ್ಲಿ ನಾದಿಟ್ಟ ಹಿಟ್ಟು ಉಬ್ಬಿ ಅಂಚಿನಿಂದ ಇಳಿಯುತ್ತಿತ್ತು ಎಂದು ನಮ್ಮ ಗೇಮ್ ಮಾಸ್ಟರ್ ಹೇಳಿದರು. ಅಷ್ಟೇ ಹೇಳಿದ್ದು. ನಾವು ನಾಲ್ವರೂ ಯೋಜನೆಯನ್ನು ಬದಿಗಿಟ್ಟು ಆ ಹೆಂಗಸನ್ನು ಹುಡುಕಲು ಹೊರಟೆವು.

ಸಂಜೆಪಾಳಿ ಅವರೇ, ನಿಮ್ಮ ಗುಂಪಿಗೆ ನಗರದಲ್ಲಿ ಯಾರಾದರೂ ಬೇಕಾದವರಿದ್ದಾರೆಯೇ? ವೈರಿಗಳ ಪಟ್ಟಿ ಎಲ್ಲರ ಬಳಿಯೂ ಇರುತ್ತದೆ. ಕಳೆದುಕೊಳ್ಳಲು ಯಾರೂ ಇಲ್ಲದವರಿಗೆ ಯಾವ ನಗರವೂ ಭಯ ಹುಟ್ಟಿಸದು.

ಇನ್ನೊಂದು ಮಾತು. ಅಡ್ಡಮಾತು ಅವರ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಆಟ ಶುರುವಾಗುವ ಮೊದಲೇ ಯಾವ ವಿಷಯ ಮೇಜಿಗೆ ಬರಲೇಕೂಡದು, ಯಾವುದು ಪರದೆಯ ಹಿಂದೆ ನಡೆದರೆ ಸಾಕು ಎಂದು ಮಾತಾಡಿಕೊಳ್ಳಿ. ಎಕ್ಸ್ ಗುರುತಿನ ಕಾರ್ಡ್ ಒಂದು ಮಧ್ಯದಲ್ಲಿರಲಿ. ಯಾರಾದರೂ ಮುಟ್ಟಿದರೆ ಆ ಎಳೆಯನ್ನು ಕಾರಣ ಕೇಳದೆ ಕೈಬಿಡಿ. ನಮ್ಮಲ್ಲಿ ಒಬ್ಬರಿಗೆ ಮನೆ ಖಾಲಿ ಮಾಡಿಸುವ ದೃಶ್ಯ ಬೇಡವಾಗಿತ್ತು, ಬಿಟ್ಟೆವು. ಆಟಕ್ಕೇನೂ ಕೊರತೆಯಾಗಲಿಲ್ಲ.

ಅಡ್ಡಮಾತು

ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ನನ್ನ ಇಎಂಐ ಭಾಷಣ ಉಳಿಯುತ್ತಿತ್ತು. ನನ್ನ ಕಾರ್ಡ್ ಮೇಲೆ ಆ ಮೂರು ಅಕ್ಷರ ಬರೆದುಕೊಳ್ಳಿ.

ಆದರೂ ಒಂದು ತಕರಾರು ಉಳಿದಿದೆ. ನಗರ ಹಿಂಡುತ್ತಲೇ ಇದ್ದರೆ ಆಟಗಾರರು ಏನನ್ನಾದರೂ ಗೆಲ್ಲುವುದು ಯಾವಾಗ? ಹಿಂಡಿ ಹಿಪ್ಪೆ ಮಾಡಿದ ಮೇಲೆ ಯಾರೂ ಶನಿವಾರ ಬರುವುದಿಲ್ಲ.

ಕರಿಕಾಗೆ

ಗೆಲುವು ಬೇಕು, ಖಂಡಿತ ಬೇಕು. ಬ್ಲೇಡ್ಸ್‌ನಲ್ಲಿ ಆಟಗಾರರ ಕೈಯಲ್ಲಿ ಬೇಕಾದಷ್ಟಿದೆ. ಫ್ಲಾಶ್‌ಬ್ಯಾಕ್ ಇದೆ, ಕೆಟ್ಟ ಫಲವನ್ನು ತಡೆದುಕೊಳ್ಳುವ ಹಕ್ಕಿದೆ, ಗುಂಪು ಬೆಳೆಯುತ್ತದೆ, ಬೀದಿಗಳು ಕೈಸೇರುತ್ತವೆ. ಆದರೆ ತಡೆದುಕೊಂಡಷ್ಟೂ ಸ್ಟ್ರೆಸ್ ಏರುತ್ತದೆ, ಅದನ್ನು ಇಳಿಸಲು ಚಟಕ್ಕೆ ಶರಣಾಗಬೇಕು. ಒಂಬತ್ತು ಮನೆ ತುಂಬಿದರೆ ಒಂದು ಟ್ರಾಮಾ, ಅಂದರೆ ಮಾಯದ ಮನೋಗಾಯ, ನಾಲ್ಕನೆಯ ಟ್ರಾಮಾಕ್ಕೆ ಆ ಪಾತ್ರದ ಆಟ ಮುಗಿಯಿತು. ಆಮೇಲೆ ಅದು ಹೇಗೆ ಬಾಳುತ್ತದೆ ಎಂಬುದು ಕೂಡಿಟ್ಟ ಹಣದ ಮೇಲೆ. ನಲವತ್ತು ನಾಣ್ಯ ಕೂಡಿಟ್ಟಿದ್ದರೆ ಅಚ್ಚುಕಟ್ಟಾದ ಮನೆ, ಒಂದಿಷ್ಟು ಸುಖಸೌಕರ್ಯ. ಹತ್ತರೊಳಗಿದ್ದರೆ ಚರಂಡಿ. ನನ್ನ ಮೇಜಿನಲ್ಲಿ ಒಬ್ಬರ ಲೀಚ್ ಎಂಬ ರಸವಿದ್ಯೆ ಬಲ್ಲ ಪಾತ್ರ ಮೂರು ಟ್ರಾಮಾ ಹೊತ್ತು, ಮೂವತ್ತಾರು ನಾಣ್ಯ ಕೂಡಿಟ್ಟು, ‘ಇನ್ನೊಂದೇ ಕೆಲಸ’ ಎಂದು ಹೊರಟಿತು. ಆ ಸಂಜೆ ಹಾಕಿದ ಪ್ರತಿ ದಾಳಕ್ಕೂ ಎಲ್ಲರೂ ಕುರ್ಚಿಯಿಂದ ಅರ್ಧ ಎದ್ದಿದ್ದರು. ನಾಲ್ಕು ನಾಣ್ಯಕ್ಕಾಗಿ!

ಅಡ್ಡಮಾತು

ಗೆದ್ದಿತೇ?

ಕರಿಕಾಗೆ

ಗೆದ್ದಿತು. ಈಗ ಸಿಕ್ಸ್ ಟವರ್ಸ್ ಬಡಾವಣೆಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದೆ. ಹೊಸ ಪಾತ್ರಗಳು ಅಲ್ಲಿಗೇ ಹೋಗಿ ಸಾಲ ಹೇಳುತ್ತವೆ.

ಕೊನೆಯಬೆಂಚು

ಲೀಚ್‌ಗೆ ನನ್ನ ನಮಸ್ಕಾರ ತಿಳಿಸಿ. ಸಂಜೆಪಾಳಿ ಅವರು ಈ ಶನಿವಾರ ಏನು ಮಾಡುತ್ತಾರೆ ಎಂದು ಹೇಳಲಿ. ಈ ಎಳೆ ಪುರಾಣದಷ್ಟು ಉದ್ದವಾಗಿದೆ.

ಸಂಜೆಪಾಳಿ

ಹೀಗೆ ಅಂದುಕೊಂಡಿದ್ದೇನೆ. ಬಾಜೋ ಬಾಜ್ ನಮ್ಮವರನ್ನು ಕರೆಸುತ್ತಾನೆ, ಗೋಡೆಗೆ ಕೋಲು ಒರಗಿರುತ್ತದೆ. ಅವನ ಮಾತಿನ ಮಧ್ಯೆ ಬ್ಲೂಕೋಟ್ ಪೊಲೀಸರು ಬಾಗಿಲು ಒಡೆಯುತ್ತಾರೆ, ವಾಂಟೆಡ್ ಮಟ್ಟ ಎರಡಿದೆಯಲ್ಲ. ಒಬ್ಬರನ್ನು ಒಪ್ಪಿಸಿದರೆ ಈ ಸಲಕ್ಕೆ ಬಿಡುತ್ತೇವೆ ಎನ್ನುತ್ತಾರೆ. ನಮ್ಮವರಿಗೆ ಆಗಾಗ ದೋಣಿ ಕೊಡುವ ಮುದುಕ ಒಬ್ಬನಿದ್ದಾನೆ, ಹೆಸರನ್ನೂ ಆಟಗಾರರೇ ಇಟ್ಟಿದ್ದಾರೆ. ಅವನೂ ಅದೇ ಕೋಣೆಯಲ್ಲಿರುತ್ತಾನೆ. ಆರು ಭಾಗದ ಕ್ಲಾಕ್ ಒಂದು ಮಧ್ಯದಲ್ಲಿ. ಮಳೆ ಇಲ್ಲ.

ಒಂದೇ ಪ್ರಶ್ನೆ ಉಳಿದಿದೆ. ಗಲಾಟೆಯಲ್ಲಿ ಪೊಲೀಸರೇ ಯಾರನ್ನಾದರೂ ಕೊಂದರೆ ಸಾವಿನ ಎರಡು ಹೀಟ್ ನಮ್ಮ ಗುಂಪಿಗೆ ಬರುತ್ತದೆಯೇ?

ಕರಿಕಾಗೆ

ಬರುತ್ತದೆ. ಕೊಂದವರು ಯಾರೇ ಆಗಲಿ, ನಿಮ್ಮ ಕೆಲಸದ ನಡುವೆ ಹೆಣ ಬಿದ್ದರೆ ಎರಡು ಸೇರಿಸಿ. ನಿಮ್ಮ ಗುಂಪು ಯಾರೊಂದಿಗಾದರೂ ಯುದ್ಧದಲ್ಲಿದ್ದರೆ ಇನ್ನೊಂದು. ಯುದ್ಧದಲ್ಲಿರುವಾಗ ಬಿಡುವಿನ ವೇಳೆಯ ಕೆಲಸ ಎರಡರ ಬದಲು ಒಂದೇ ಸಿಗುತ್ತದೆ, ಆಟಗಾರರು ಅದನ್ನು ಮರೆಯುತ್ತಾರೆ, ಮೊದಲೇ ಹೇಳಿಬಿಡಿ. ಮುದುಕನ ಹೆಸರೇನು?

ಸಂಜೆಪಾಳಿ

ತಿಮ್ಮಣ್ಣ. ಡಸ್ಕ್‌ವಾಲ್‌ನಲ್ಲಿ ತಿಮ್ಮಣ್ಣ ಹೇಗೆ ಬಂದ ಎಂದು ಕೇಳಬೇಡಿ, ಮೊದಲ ದಿನವೇ ಬಂದುಬಿಟ್ಟ.